ತಂಬಿಗೆ ಹಿಡಿದ ಬಲಗೈ: ರಂಗಶಾಲೆಯ ಆಡಿಷನ್‌ಗೆ ಆರು ವಾರದ ತಯಾರಿ

ಅಭ್ಯರ್ಥಿಗೆ 23 ವರ್ಷ. ಗದಗ ಜಿಲ್ಲೆಯ ರೋಣದ ಕಡೆಯ ಹಳ್ಳಿ. ಬಿ.ಎ. ಮುಗಿಸಿ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಐದು ವರ್ಷದಿಂದ ಜಾತ್ರೆ ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದಾನೆ. ಎರಡು ಸಲ ಖಳನಾಯಕ, ಒಮ್ಮೆ ನಾಯಕ, ಉಳಿದಂತೆ ಗೌಡನ ಮಗ, ಪೊಲೀಸ್, ಕುಡುಕ ಹೀಗೆ. ರಾಜ್ಯದ ರಂಗಶಾಲೆಯೊಂದರ ಒಂದು ವರ್ಷದ ಡಿಪ್ಲೊಮಾಗೆ ಅರ್ಜಿ ಹಾಕಿದ್ದ. ಆಡಿಷನ್ ಮತ್ತು ಸಂದರ್ಶನಕ್ಕೆ ಕರೆಪತ್ರ ಬಂದಾಗ ಕೈಯಲ್ಲಿ ಉಳಿದದ್ದು 42 ದಿನ. ಇಂಥ ಹಲವರ ತಯಾರಿಯಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಬ್ಬನ ಮೇಲೆ ಹಾಕಿ ಕಟ್ಟಿದ ಪ್ರಕರಣ ಇದು. ಹಾಗಾಗಿ ಹುಡುಗನಿಗೂ ಶಾಲೆಗೂ ಇಲ್ಲಿ ಹೆಸರಿಲ್ಲ.

ಕನ್ನಡದಲ್ಲಿ ನಟನೆ ಕಲಿಯಹೊರಟವರ ಮುಂದಿರುವ ಬಾಗಿಲುಗಳು ಬೆರಳೆಣಿಕೆಯವು. ಹೆಗ್ಗೋಡಿನ ನೀನಾಸಮ್ 1949ರಲ್ಲಿ ಹುಟ್ಟಿತು, ಅದರ ರಂಗಶಿಕ್ಷಣ ಕೇಂದ್ರ 1980ರಲ್ಲಿ. ಮೈಸೂರಿನಲ್ಲಿ 1989ರಲ್ಲಿ ಶುರುವಾದ ರಂಗಾಯಣಕ್ಕೂ ತನ್ನದೇ ರಂಗಶಿಕ್ಷಣ ಕೇಂದ್ರವಿದೆ. ಸಾಣೇಹಳ್ಳಿಯಲ್ಲೊಂದು ಶಾಲೆಯಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ದೆಹಲಿಯಲ್ಲೇ ಮೂರು ವರ್ಷ ಓದಬೇಕೆಂದರೆ ಪದವಿ, ಒಂದಷ್ಟು ರಂಗಪ್ರಯೋಗಗಳ ಅನುಭವ, ಹಿಂದಿ ಮತ್ತು ಇಂಗ್ಲಿಷಿನ ಬಳಕೆ ಎಲ್ಲವೂ ಬೇಕು. ಅಲ್ಲಿ ಮೊದಲ ಸುತ್ತು ಬೇರೆ ಬೇರೆ ನಗರಗಳಲ್ಲಿ ನಡೆಯುತ್ತದೆ, ಅದರಲ್ಲಿ ಗೆದ್ದವರಿಗೆ ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರ. ನಿಯಮಗಳು ಶಾಲೆಯಿಂದ ಶಾಲೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆ ವರ್ಷದ ಪ್ರಕಟಣೆಯನ್ನು ಮೂರು ಸಲ ಓದುವುದೇ ತಯಾರಿಯ ಮೊದಲ ಕೆಲಸ. ನಮ್ಮ ಹುಡುಗನ ಕರೆಪತ್ರದಲ್ಲಿದ್ದದ್ದು ಇಷ್ಟು: ಎರಡರಿಂದ ಮೂರು ನಿಮಿಷದ ಒಂದು ಗದ್ಯ ಸಂಭಾಷಣೆ, ಒಂದು ಪದ್ಯಭಾಗ, ಒಂದು ಹಾಡು, ಸಡಿಲ ಉಡುಪು, ಮೂಲ ದಾಖಲೆಗಳು.

ಅವನು ಆರಿಸಿಕೊಂಡಿದ್ದು ಗಿರೀಶ ಕಾರ್ನಾಡರ ‘ತುಘಲಕ್’. ಮಲತಾಯಿಗೆ ಮರಣದಂಡನೆ ವಿಧಿಸಿದ ಮೇಲೆ ಸುಲ್ತಾನ ಮಹಮ್ಮದ ಮಂಡಿಯೂರಿ ದೇವರನ್ನು ಮೊರೆಯಿಡುವ ಮಾತು. ಅದಕ್ಕೆ ಹಿಂದು ಮುಂದಿನ ಮಾತುಗಳನ್ನೂ ಹೊಲಿದು ಸುಮಾರು 400 ಪದಗಳ ತುಣುಕು ಮಾಡಿಕೊಂಡಿದ್ದ. ಚೀಲದಲ್ಲಿ ಕಟ್ಟಿಗೆಯ ಕತ್ತಿ, ಜರಿ ಅಂಚಿನ ಶಲ್ಯ.

ಆರನೆಯ ಸಾಲಿನಲ್ಲಿ ಏನಾಯಿತು

ತಯಾರಿ ಮಾಡಿಸುವವರು ಮೊದಲ ದಿನ ಮಾಡಿದ ಪರೀಕ್ಷೆ ಸರಳ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಚೀಲಗಳ ಮೇಲೆ ಫೋನ್ ನಿಲ್ಲಿಸಿ ಪೂರ್ತಿ ತುಣುಕನ್ನು ಚಿತ್ರಿಸಿಕೊಳ್ಳುವುದು. ಬಂದ ಲೆಕ್ಕ: 4 ನಿಮಿಷ 10 ಸೆಕೆಂಡು. ಬಲಗೈ ಹೆಗಲಿಗಿಂತ ಮೇಲೆ ಎದ್ದದ್ದು 31 ಸಲ. ಕಾಲು ಕದಲಿದ್ದು ಒಂದೇ ಸಲ, ಮೊದಲ ಮಾತಿಗೆ ಮೂರು ಹೆಜ್ಜೆ ಮುಂದೆ. ಜಾತ್ರೆ ನಾಟಕದಲ್ಲಿ ಮೈಕು ತೂಗುಹಾಕಿರುವ ಜಾಗಕ್ಕೆ ಬಂದು ನಿಂತ ಹಾಗೆ. ಗೋದಾಮಿನಲ್ಲಿ ಮೈಕು ಎಲ್ಲಿಂದ ಬರಬೇಕು? ಕಾಲಿಗೆ ರೂಢಿ ಅಷ್ಟೆ.

ಆಮೇಲೆ ಎರಡನೆಯ ಪರೀಕ್ಷೆ. ಪಕ್ಕದಲ್ಲಿ ಮಗು ಮಲಗಿದೆ, ಎಚ್ಚರವಾಗಬಾರದು, ಅದೇ ಮಾತನ್ನು ಹಾಗೆ ಹೇಳು. ಐದು ವಾಕ್ಯ ಬಂದವು. ಆರನೆಯದಕ್ಕೆ ನಿಂತುಬಿಟ್ಟ. ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ಆರನೆಯದಕ್ಕೇ ನಿಂತ. ದೊಡ್ಡ ದನಿಯಲ್ಲಿ ಹೇಳು ಎಂದರೆ ಒಂದಕ್ಷರ ತಪ್ಪದೆ ಕೊನೆಯವರೆಗೆ ಹೋದ.

ಈ ಪ್ರಕರಣದ ಗಂಟು ಇರುವುದು ಇಲ್ಲಿ. ಅವನಿಗೆ ನೆನಪಿದ್ದದ್ದು ಮಾತಿನ ರಾಗ, ಮಾತು ಆ ರಾಗಕ್ಕೆ ನೇತುಬಿದ್ದಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಟಕ ಕಲಿಸುವವರು ಪೇಟಿ ಮಾಸ್ತರರು. ಹಾರ್ಮೋನಿಯಂ ನುಡಿಸುವವರೂ ಅವರೇ, ನಿರ್ದೇಶಕರೂ ಅವರೇ. ಎದುರು ಕೂರಿಸಿಕೊಂಡು ಸಾಲು ಸಾಲಾಗಿ ಹೇಳಿಕೊಡುತ್ತಾರೆ. ಎಲ್ಲಿ ಏರಿಸಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ತೊಡೆ ತಟ್ಟಬೇಕು ಎಲ್ಲವೂ ಮಾತಿನ ಜೊತೆಗೇ ಬರುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ತನಕ ಊರೆಲ್ಲ ಕೂತು ನೋಡುವ ಆಟಕ್ಕೆ ಇದು ಪಕ್ಕಾ ವಿಧಾನ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದ್ದ ಗದಗಿನ ನೆಲದಲ್ಲಿ ಇದನ್ನು ಯಾರೂ ಹಗುರವಾಗಿ ನೋಡಬೇಕಿಲ್ಲ. ಆದರೆ ರಂಗಶಾಲೆಯ ಆಯ್ಕೆ ಸಮಿತಿ ನೋಡುವುದು ಬೇರೆ. ಒಂದು ವರ್ಷದಲ್ಲಿ ಈ ಹುಡುಗ ಐದಾರು ಬಗೆಯ ನಿರ್ದೇಶಕರ ಕೈಯಲ್ಲಿ ಕೆಲಸ ಮಾಡಬೇಕು. ಹೇಳಿದರೆ ಬದಲಾಯಿಸಬಲ್ಲನೇ? ಆದ್ದರಿಂದಲೇ ತುಣುಕು ಮುಗಿಯುವ ಮೊದಲೇ ನಿಲ್ಲಿಸಿ ‘ಈಗ ಇದನ್ನೇ ನಗುತ್ತಾ ಹೇಳಿ’, ‘ಕಸ ಗುಡಿಸುತ್ತಾ ಹೇಳಿ’, ‘ಅಂಗಾತ ಮಲಗಿ ಹೇಳಿ’ ಎನ್ನುತ್ತಾರೆ. ಎಷ್ಟು ಚೆನ್ನಾಗಿ ಮಾಡಿದ ಎಂಬುದಕ್ಕಿಂತ ಎರಡನೆಯ ಸಲ ಎಷ್ಟು ಬೇರೆಯಾಗಿ ಮಾಡಿದ ಎಂಬುದರ ಮೇಲೆ ಅವರ ಪೆನ್ನು ಓಡುತ್ತದೆ. ಆರನೆಯ ಸಾಲಿಗೆ ನಿಲ್ಲುವವನು ಅಲ್ಲಿ ಏನು ಮಾಡಬೇಕು?

ತುಣುಕು ಬದಲಾಯಿತು, ನಾಟಕ ಬದಲಾಗಲಿಲ್ಲ

‘ತುಘಲಕ್’ 1964ರ ನಾಟಕ. ಕನ್ನಡದಲ್ಲಿ ಆಡಿಷನ್ ಎಂದರೆ ಗಂಡುಹುಡುಗರಲ್ಲಿ ಬಹಳ ಜನ ಅದಕ್ಕೇ ಕೈಹಾಕುತ್ತಾರೆ, ಅದರಲ್ಲೂ ಕೂಗಾಡುವ ಜಾಗಕ್ಕೆ. ಸಮಿತಿಯಲ್ಲಿ ಕೂತವರಿಗೆ ಆ ಮಾತು ಬಾಯಿಪಾಠ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎರಡೂವರೆ ಗಂಟೆ ನಡೆದ ನಾಟಕದ ಕೊನೆಗೆ ಬರುವ ಹುಚ್ಚನ್ನು ತಣ್ಣಗಿನ ಕೋಣೆಯಲ್ಲಿ ಬಾಗಿಲು ತೆರೆದು ಬಂದ ಹತ್ತನೆಯ ಸೆಕೆಂಡಿಗೆ ಎಬ್ಬಿಸಬೇಕು. ಶಿಖರದಿಂದಲೇ ಹೊರಟವನಿಗೆ ಹತ್ತಲು ಜಾಗ ಉಳಿಯುವುದಿಲ್ಲ, ಇರುವುದು ಇನ್ನಷ್ಟು ಕೂಗುವ ದಾರಿ ಒಂದೇ.

ಹುಡುಗನಿಗೆ ಆ ನಾಟಕದ ಮೇಲೆ ಪ್ರೀತಿ ಇತ್ತು, ಅದನ್ನು ಕಸಿಯುವುದು ಬೇಡ. ಅದೇ ನಾಟಕದಲ್ಲಿ ದೌಲತಾಬಾದಿನ ಕೋಟೆಯ ಮೇಲಿನ ರಾತ್ರಿಯ ದೃಶ್ಯವಿದೆ. ನಿದ್ದೆ ಬಾರದ ಸುಲ್ತಾನ ಎಳೆಯ ಕಾವಲುಗಾರನೊಬ್ಬನ ಜೊತೆ ಮಾತಿಗೆ ನಿಲ್ಲುತ್ತಾನೆ. ಆ ಹುಡುಗನ ವಯಸ್ಸು ಹತ್ತೊಂಬತ್ತು ಎಂದು ಕೇಳಿ, ತಾನು ಇಪ್ಪತ್ತೊಂದರಲ್ಲಿ ಇಲ್ಲಿಗೆ ಬಂದದ್ದನ್ನು, ಈ ಕೋಟೆ ಕಟ್ಟಿಸಿದ್ದನ್ನು ಹೇಳುತ್ತಾನೆ. ಆಡಿಷನ್‌ಗೆ ಬೇಕಾದ್ದೆಲ್ಲ ಅಲ್ಲಿದೆ: ಕೇಳುವವನು ಒಬ್ಬನೇ, ಹೊತ್ತು ರಾತ್ರಿ, ಸ್ಥಳ ಸ್ಪಷ್ಟ, ಮಾತಾಡುವವನಿಗೆ ಮಾತಾಡಲು ಕಾರಣವಿದೆ, ಕೂಗುವ ಅಗತ್ಯ ಎಲ್ಲೂ ಇಲ್ಲ. 23ರ ಹುಡುಗನಿಗೆ ಇಪ್ಪತ್ತೊಂದರ ನೆನಪು ದೂರದ್ದೂ ಅಲ್ಲ.

ಕತ್ತರಿಸುವಾಗ ಕಾವಲುಗಾರನ ಮಾತುಗಳನ್ನೆಲ್ಲ ತೆಗೆದರು. ಸುಲ್ತಾನನ ಮಾತುಗಳಲ್ಲೂ ಕಾವಲುಗಾರ ಮಾತಾಡದಿದ್ದರೆ ಅರ್ಥವಾಗದವು ಹೋದವು. ತಮ್ಮ ಕಡೆಯಿಂದ ಒಂದು ಪದವನ್ನೂ ಸೇರಿಸಲಿಲ್ಲ. ಇದು ಪಕ್ಕಾ ನಿಯಮ, ನಾಟಕಕಾರರ ಮಾತಿಗೆ ಸ್ವಂತ ತೇಪೆ ಹಾಕಿದರೆ ನಾಟಕ ಬಲ್ಲವರಿಗೆ ತಕ್ಷಣ ತಿಳಿಯುತ್ತದೆ. ಉಳಿದದ್ದು ಸುಮಾರು 180 ಪದ. ಓದಿದರೆ ಒಂದು ನಿಮಿಷ ನಲವತ್ತು ಸೆಕೆಂಡು, ಕಾವಲುಗಾರನ ಉತ್ತರಗಳನ್ನು ‘ಕೇಳಿಸಿಕೊಳ್ಳುವ’ ಮೌನಗಳನ್ನು ಸೇರಿಸಿದರೆ ಎರಡು ನಿಮಿಷ ಇಪ್ಪತ್ತು. ಮೂರು ನಿಮಿಷದ ಮಿತಿಯಲ್ಲಿ ನಲವತ್ತು ಸೆಕೆಂಡು ಕೈಯಲ್ಲಿರಬೇಕು. ಗಾಬರಿಯಾದರೆ ಕೆಲವರು ಓಡುತ್ತಾರೆ, ಕೆಲವರು ಎಳೆಯುತ್ತಾರೆ. ಇವನು ಎಳೆಯುವವನು.

ಪದ್ಯಕ್ಕೆ ಕುವೆಂಪು ಅವರ ‘ಬೆರಳ್ಗೆ ಕೊರಳ್’, ಏಕಲವ್ಯನ ಮಾತು, 18 ಸಾಲು. ಸರಳ ರಗಳೆಯಲ್ಲಿ ಐದೈದು ಮಾತ್ರೆಯ ನಾಲ್ಕು ಗಣ ಸೇರಿ ಸಾಲಿಗೆ ಇಪ್ಪತ್ತು ಮಾತ್ರೆ. ಪ್ರಾಸದ ಕಟ್ಟಿಲ್ಲ, ಅರ್ಥ ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಎಲ್ಲರೂ ಮಾಡುವ ತಪ್ಪನ್ನೇ ಇವನೂ ಮಾಡುತ್ತಿದ್ದ, ಪ್ರತಿ ಸಾಲಿನ ತುದಿಗೂ ಉಸಿರು ಎಳೆಯುವುದು. ಕೇಳಿದರೆ ಶಾಲೆಯ ಪದ್ಯಪಠಣ. ಮದ್ದು ಏನೆಂದರೆ ಪದ್ಯವನ್ನು ಸಾಲು ಮುರಿದು, ಗದ್ಯದಂತೆ ಒಂದೇ ಪ್ಯಾರಾದಲ್ಲಿ ಕೈಯಾರೆ ಬರೆದುಕೊಳ್ಳುವುದು. ಅಲ್ಪವಿರಾಮ, ಪೂರ್ಣವಿರಾಮ ಇರುವಲ್ಲಿ ಮಾತ್ರ ಉಸಿರಿನ ಗೆರೆ ಹಾಕಿಕೊಂಡು ಮೂರು ದಿನ ಹಾಗೇ ಓದುವುದು, ಆಮೇಲೆ ಪುಸ್ತಕಕ್ಕೆ ಮರಳುವುದು. ಅಷ್ಟರಲ್ಲಿ ಲಯ ತಾನಾಗಿ ಕೆಳಗೆ ಇಳಿದು ಕೂತಿರುತ್ತದೆ, ಮೇಲೆ ಅರ್ಥ ಓಡುತ್ತದೆ.

ರಾಗ ಬಿಚ್ಚುವ ಕೆಲಸ

ಹೊಸ ತುಣುಕನ್ನು ಕಲಿಯುವಾಗ ಮೊದಲ ಹತ್ತು ದಿನ ಒಂದೇ ನಿಯಮ: ಅಭಿನಯಿಸಬಾರದು. ಬೆಳಿಗ್ಗೆ 5.45ರಿಂದ 7ರವರೆಗೆ ಅಂಗಡಿಗೆ ಹೋಗುವ ಮುಂಚಿನ ಹೊತ್ತು. ಮೊದಲ ಮೂರು ದಿನ ಮಾತನ್ನು ಬರೆಯುವುದು ಮಾತ್ರ. ದಿನಕ್ಕೆ ಎರಡು ಸಲ, ನೋಡಿಕೊಂಡು ಒಮ್ಮೆ, ನೋಡದೆ ಒಮ್ಮೆ. ನಾಲ್ಕನೆಯ ದಿನದಿಂದ ‘ಒಣ ಓದು’. ಪಂಚಾಯ್ತಿ ನೋಟಿಸು ಓದಿದ ಹಾಗೆ ಏರಿಳಿತವಿಲ್ಲದೆ ಓದಬೇಕು. ಹೀಗೆ ಓದುವುದು ಅವನಿಗೆ ತೀರಾ ಕಷ್ಟವಾಯಿತು. ಎರಡನೆಯ ವಾಕ್ಯಕ್ಕೇ ದನಿ ತಾನಾಗಿ ಏರುತ್ತಿತ್ತು. ಏರಿದ ಕೂಡಲೇ ನಿಲ್ಲಿಸಿ ಆ ವಾಕ್ಯದ ಮೊದಲಿಗೆ ಮರಳಬೇಕು.

ಆಮೇಲೆ ಮಾತನ್ನು ಬೇರೆ ಬೇರೆ ಕೆಲಸಗಳ ಮೇಲೆ ಹೇರುವುದು. ಸೈಕಲ್ ಏರಿ ಅಂಗಡಿಗೆ ಹೋಗುವಾಗ, ಭಾಂಡೆ ತಿಕ್ಕುವಾಗ, ಸಂಜೆ ಚೀಲ ಎಣಿಸುವಾಗ. ಗೊಬ್ಬರದ ಚೀಲ 45, 50 ಕಿಲೊ. ಅದನ್ನು ಎತ್ತಿ ಇಳಿಸುತ್ತಾ ಹೇಳಿದರೆ ಉಸಿರು ಬೇರೆ ಕಡೆ ಒಡೆಯುತ್ತದೆ, ವಾಕ್ಯಕ್ಕೆ ಹೊಸ ಒತ್ತು ಬೀಳುತ್ತದೆ. ಪ್ರತಿ ಕೆಲಸಕ್ಕೂ ಮಾತು ಬೇರೆ ಆಕಾರ ತಾಳುತ್ತದೆ, ಪದಗಳು ಮಾತ್ರ ಅವೇ. ಹದಿನೈದನೆಯ ದಿನದ ಹೊತ್ತಿಗೆ ಮೆಲುದನಿಯ ಪರೀಕ್ಷೆಯಲ್ಲಿ ಕೊನೆಯವರೆಗೆ ಹೋದ. ಎಡವಿದ್ದು ಒಂದೇ ಕಡೆ. ಕಂಠಪಾಠ ಆಯಿತು ಎನ್ನಬೇಕಾದರೆ ಈ ಪರೀಕ್ಷೆ ದಾಟಬೇಕು: ಯಾರಾದರೂ ನಡುವಿನ ಒಂದು ಪದ ಹೇಳಿದರೆ ಅಲ್ಲಿಂದಲೇ ಮುಂದಕ್ಕೆ ಹೋಗಬೇಕು. ಮೊದಲಿನಿಂದ ಶುರುಮಾಡಿದರೆ ಮಾತ್ರ ಬರುತ್ತದೆ ಎಂದರೆ ಇನ್ನೂ ರಾಗವೇ ಎಳೆಯುತ್ತಿದೆ ಎಂದರ್ಥ.

ಇನ್ನು ಬಲಗೈ. ಅದನ್ನು ‘ಎತ್ತಬೇಡ’ ಎಂದರೆ ಪಕ್ಕಕ್ಕೆ ಅಂಟಿಕೊಂಡು ಮರದ ಕೈಯಾಗುತ್ತದೆ. ಮನಸ್ಸೆಲ್ಲ ಕೈಯಲ್ಲೇ ಉಳಿಯುತ್ತದೆ. ಆ ಕೈಗೆ ಒಂದು ಕೆಲಸ ಕೊಟ್ಟದ್ದು ಉಪಾಯ. ತಾಮ್ರದ ತಂಬಿಗೆಗೆ ಕಂಠಮಟ್ಟ ನೀರು ತುಂಬಿ, ಬಲಗೈಯಲ್ಲಿ ಹಿಡಿದು, ಪೂರ್ತಿ ತುಣುಕನ್ನು ಹೇಳುವುದು. ಎಲ್ಲಿ ನೀರು ತುಳುಕಿತೋ ಅಲ್ಲಿ ಪಠ್ಯದಲ್ಲಿ ಒಂದು ಚುಕ್ಕಿ. ಮೊದಲ ದಿನ ಒಂಬತ್ತು ಚುಕ್ಕಿ, ಅಂಗಿಯ ತೋಳು ಒದ್ದೆ. ಚುಕ್ಕಿ ಬಿದ್ದ ಜಾಗಗಳನ್ನು ನೋಡಿದರೆ ಒಂದು ಸಂಗತಿ ಗೊತ್ತಾಗುತ್ತದೆ: ಒಂಬತ್ತರಲ್ಲಿ ಏಳು ಕಡೆ ವಾಕ್ಯದ ಅರ್ಥ ಅವನಿಗೇ ಸ್ಪಷ್ಟವಿರಲಿಲ್ಲ. ಮಾತು ಬಿಟ್ಟುಕೊಟ್ಟ ಜಾಗವನ್ನು ಕೈ ತುಂಬುತ್ತಿತ್ತು. ಆ ಏಳು ವಾಕ್ಯಗಳನ್ನು ಒಂದೊಂದಾಗಿ ಕೂತು ಬಿಡಿಸಿದ ಮೇಲೆ, ಅಂದರೆ ಇದನ್ನು ಕಾವಲುಗಾರನಿಗೆ ಯಾಕೆ ಹೇಳುತ್ತಿದ್ದಾನೆ, ಹೇಳಿ ಏನು ಬಯಸುತ್ತಿದ್ದಾನೆ ಎಂದು ನಿರ್ಧರಿಸಿದ ಮೇಲೆ, ಚುಕ್ಕಿ ಎರಡಕ್ಕೆ ಇಳಿಯಿತು. ನಾಲ್ಕನೆಯ ವಾರದಲ್ಲಿ ತಂಬಿಗೆ ಬಿಟ್ಟರು. ಕೈ ಸುಮ್ಮನಿತ್ತು. ಒಂದು ಕಡೆ ಮಾತ್ರ ಮೇಲೆದ್ದಿತು, ಕೋಟೆಯ ಗೋಡೆಯನ್ನು ತೋರಿಸಲು. ಅಲ್ಲಿ ಏಳಬೇಕಾದದ್ದೇ.

ಕಾವಲುಗಾರ ಎಲ್ಲಿ ನಿಂತಿದ್ದಾನೆ ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ಸಮಿತಿಯವರ ಮುಖವನ್ನೇ ಕಾವಲುಗಾರ ಮಾಡಿಕೊಳ್ಳುವುದು ಕೆಟ್ಟ ಆಯ್ಕೆ. ಅವರು ತಲೆ ತಗ್ಗಿಸಿ ಬರೆಯುತ್ತಾರೆ, ಚಹಾ ಕುಡಿಯುತ್ತಾರೆ, ಇವನ ಸುಲ್ತಾನ ಅಲ್ಲೇ ಮುರಿದುಬೀಳುತ್ತಾನೆ. ಅವರಿಗಿಂತ ಸ್ವಲ್ಪ ಎಡಕ್ಕೆ, ಮೂರು ಮೀಟರ್ ದೂರದಲ್ಲಿ, ಕಣ್ಣಿನ ಮಟ್ಟಕ್ಕೆ ಒಂದು ಬಿಂದು. ಗೋದಾಮಿನ ಗೋಡೆಗೆ ಸುಣ್ಣದ ಚುಕ್ಕೆ ಹಾಕಿ ಅಭ್ಯಾಸ ಮಾಡಿದ. ಆಮೇಲೆ ಆ ಜಾಗಕ್ಕೆ ತಂಗಿಯನ್ನು ನಿಲ್ಲಿಸಿದ. ಪಿಯುಸಿ ಓದುವ ಹುಡುಗಿ, ನಾಟಕದ ಗಂಧ ಇಲ್ಲದವಳು. ಎರಡು ಸಲ ಕೇಳಿ ಹೇಳಿದಳು: “ಅಣ್ಣಾ, ನೀ ನನ್ ಕೂಡ ಮಾತಾಡವಲ್ಲಿ. ನನ್ ಹಿಂದ ಕುಂತ ಮಂದಿ ಕೂಡ ಮಾತಾಡಾಕತ್ತಿ.” ಇದಕ್ಕಿಂತ ಚೊಕ್ಕ ಟಿಪ್ಪಣಿಯನ್ನು ಯಾವ ಗುರುವೂ ಕೊಡಲಾರ. ಅವಳ ಹಿಂದಿನ ‘ಮಂದಿ’ ಮರೆಯಾಗುವುದಕ್ಕೆ ಇನ್ನೊಂದು ವಾರ ಹಿಡಿಯಿತು.

ಗಂಟಲು, ಧೂಳು ಮತ್ತು ಮಹಾಪ್ರಾಣ

ಮೈಕಿನ ಮುಂದೆ ಬೆಳೆದ ದನಿಗೆ ಎರಡು ಚಟ ಇರುತ್ತವೆ. ಸ್ವರಗಳು ದೊಡ್ಡವು, ವ್ಯಂಜನಗಳು ಸೊರಗಿದವು. ತೂಗುವ ಮೈಕು ಎಲ್ಲವನ್ನೂ ಹಿಗ್ಗಿಸುವುದರಿಂದ ‘ತ್’, ‘ಕ್’, ‘ಪ್’ಗಳನ್ನು ಕಚ್ಚಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಆಡಿಷನ್ ಕೋಣೆಯಲ್ಲಿ ಮೈಕು ಇಲ್ಲ, ಸಮಿತಿ ನಾಲ್ಕೈದು ಮೀಟರ್ ದೂರದಲ್ಲಿ ಕೂತಿರುತ್ತದೆ. ಅಲ್ಲಿ ದನಿಯ ಗಾತ್ರಕ್ಕಿಂತ ಅಕ್ಷರದ ಅಂಚು ಮುಖ್ಯ.

ದಿನದ ಕಸರತ್ತು ಹದಿನೆಂಟು ನಿಮಿಷ. ಐದು ನಿಮಿಷ ಬಾಯಿ ಮುಚ್ಚಿ ಗುನುಗುವುದು, ತುಟಿ ಸಡಿಲಬಿಟ್ಟು ಕುದುರೆಯಂತೆ ‘ಬ್ರ್ರ್’ ಎನ್ನಿಸುತ್ತಾ ದನಿಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸುವುದು. ಐದು ನಿಮಿಷ ವರ್ಗಾಕ್ಷರಗಳು, ಕ ಖ ಗ ಘದಿಂದ ಪ ಫ ಬ ಭ ತನಕ. ಬಾಯಿಯ ಮುಂದೆ ಅಂಗೈ ಹಿಡಿದರೆ ಖ, ಥ, ಫಗಳಿಗೆ ಗಾಳಿ ತಟ್ಟಬೇಕು. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಬಹುತೇಕ ಸತ್ತೇಹೋಗಿದೆ, ಆಡುವಾಗ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಏಕಲವ್ಯ ‘ಧನು’ ಎನ್ನಬೇಕಾದಲ್ಲಿ ‘ದನ’ದ ವಾಸನೆ ಬಂದರೆ ಪದ್ಯ ಕೆಡುತ್ತದೆ. ಇನ್ನು ನಾಲ್ಕು ನಿಮಿಷ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ’, ಮೊದಲು ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ, ಆಮೇಲೆ ವೇಗ. ಉಳಿದ ಹೊತ್ತು ತುಣುಕನ್ನು ದನಿಯಿಲ್ಲದೆ ತುಟಿ ನಾಲಿಗೆಗಳ ಚಲನೆಯಲ್ಲೇ ಹೇಳುವುದು, ತಂಗಿಗೆ ತುಟಿ ನೋಡಿಯೇ ಅರ್ಧ ಮಾತು ತಿಳಿಯುವ ಹಾಗೆ.

ಮೂರನೆಯ ವಾರ ಗಂಟಲು ಕಟ್ಟಿತು. ಕಾರಣ ಎರಡು: ಹಿಂಗಾರಿನ ಗೊಬ್ಬರ ಬಂದು ಗೋದಾಮಿನ ತುಂಬ ಧೂಳು, ಜೊತೆಗೆ ಊರಿನ ನಾಟಕದ ತಾಲೀಮಿನಲ್ಲಿ ಯಾರದೋ ಬದಲಿಗೆ ಎರಡು ರಾತ್ರಿ ಕೂಗಿದ್ದು. ಸ್ನೇಹಿತರೆಲ್ಲ ಸೇರಿ ಜ್ಯೇಷ್ಠಮಧು, ಕಲ್ಲುಸಕ್ಕರೆ, ಪುದೀನ ಮಾತ್ರೆ ಕೊಟ್ಟರು. ಇವು ಗಂಟಲಿಗೆ ಹಿತ ಕೊಡುತ್ತವೆ, ಸ್ವರತಂತುಗಳ ಊತ ಇಳಿಸುವುದು ವಿಶ್ರಾಂತಿ ಮಾತ್ರ. ನೋವು ತಿಳಿಯದಂತೆ ಮಾಡುವ ಚೀಪುಮಾತ್ರೆ ಹಾಕಿಕೊಂಡು ತಾಲೀಮು ಮಾಡಿದರೆ ಇನ್ನೂ ಕೆಡುತ್ತದೆ. ಮೂರು ದಿನ ತಾಲೀಮು ಬಂದ್, ಅಗತ್ಯಕ್ಕೆ ಮಾತ್ರ ಮಾತು. ಪಿಸುಮಾತೂ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಬೇರೆ ಬಗೆಯ ದಣಿವು. ದಿನಕ್ಕೆರಡು ಸಲ ಐದಾರು ನಿಮಿಷ ಬರೀ ನೀರಿನ ಹಬೆ, ದಿನವಿಡೀ ಗುಟುಕು ಗುಟುಕು ನೀರು, ಗೋದಾಮಿನಲ್ಲಿ ಮೂಗಿಗೆ ಬಟ್ಟೆ. ನಾಲ್ಕನೆಯ ದಿನ ದನಿ ಮರಳಿತು. ಮರಳದೆ ಎರಡು ಮೂರು ವಾರ ಹಾಗೇ ಉಳಿದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸದೆ ವಿಧಿಯಿಲ್ಲ. ಆ ಮೂರು ದಿನ ವ್ಯರ್ಥವೂ ಆಗಲಿಲ್ಲ. ಮೂಕನಾಗಿ ಕೂತು ಕಾವಲುಗಾರನ ಉತ್ತರಗಳನ್ನು ಬರೆದುಕೊಂಡ.

ಪೇಟಿ ಇಲ್ಲದ ಹಾಡು

ಹಾಡಿನಲ್ಲಿ ಅವನಿಗೆ ಭಯವೇ ಇರಲಿಲ್ಲ, ಹಾಗಾಗಿ ಅಲ್ಲೇ ಮುಗ್ಗರಿಸಿದ. ಪೇಟಿಯ ಜೊತೆ ಕಾಳಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕರಿ ಮನೆಯ ಶ್ರುತಿಯಲ್ಲಿ, ಸಲೀಸಾಗಿ ಹಾಡುವವನು. ಪೇಟಿ ತೆಗೆದರೆ ಹುಮ್ಮಸ್ಸಿಗೆ ಕಾಳಿ ಮೂರರ ಹತ್ತಿರ ಎತ್ತಿಬಿಡುತ್ತಿದ್ದ. ಐದು ಸ್ವರಸ್ಥಾನ ಮೇಲೆ. ಪಲ್ಲವಿ ಹೇಗೋ ದಾಟುತ್ತಿತ್ತು, ಚರಣದಲ್ಲಿ ತಾರಕ ಮುಟ್ಟುವಾಗ ದನಿ ಸೀಳುತ್ತಿತ್ತು. ಫೋನಿನ ತಂಬೂರಿ ಆ್ಯಪ್ ಕೋಣೆಯ ಒಳಗೆ ಒಯ್ಯುವಂತಿಲ್ಲ. ಒಂದು ಉಪಾಯವಿದೆ: ಹಾಡು ಶುರುಮಾಡುವ ಮುಂಚೆ ಚರಣದ ಅತಿ ಎತ್ತರದ ಸಾಲನ್ನು ಬಾಯಿ ಮುಚ್ಚಿ ಗುನುಗಿ ನೋಡುವುದು. ಅದು ಸಲೀಸಾಗಿ ಬಂದರೆ ಅಲ್ಲಿಂದ ಕೆಳಗಿಳಿದು ಪಲ್ಲವಿಯ ಷಡ್ಜ, ಅಂದರೆ ‘ಸ’, ಹಿಡಿಯುವುದು. ನಾಲ್ಕು ಸೆಕೆಂಡಿನ ಕೆಲಸ, ಯಾರೂ ಬೇಡ ಎನ್ನುವುದಿಲ್ಲ. ಹಾಡಿನ ಆಯ್ಕೆಯಲ್ಲಿ ಸಿನಿಮಾ ಬಿಟ್ಟು ತನ್ನ ಸೀಮೆಯ ಸೋಬಾನ ಪದ ಹಿಡಿದದ್ದು ಒಳ್ಳೆಯದಾಯಿತು. ಕೇಳುವವರು ಕಂಠಕ್ಕಿಂತ ಶ್ರುತಿ, ಲಯ, ಪದಗಳ ಮೇಲಿನ ಪ್ರೀತಿಯನ್ನು ನೋಡುತ್ತಾರೆ. ಎರಡು ನುಡಿ ಸಾಕು.

ಮೈಗೆ ದಿನಕ್ಕೆ ಆರು ಸೂರ್ಯನಮಸ್ಕಾರ, ಹತ್ತು ಬಸ್ಕಿ, ಬರಿಗಾಲ ನಡಿಗೆ. ಅಷ್ಟು ಸಾಕು, ಆರು ವಾರದಲ್ಲಿ ಮೈ ಹುರಿಗೊಳಿಸುವ ಹುಚ್ಚು ಬೇಡ. ಸ್ನಾಯು ಹಿಡಿದುಕೊಂಡು ಕುಂಟುತ್ತಾ ಬರುವವರು ಪ್ರತಿ ವರ್ಷ ಇರುತ್ತಾರೆ.

ಅರ್ಜಿಯ ಪಟ್ಟಿ ಮತ್ತು ಬಾಯಿಮಾತು

ಅರ್ಜಿಯಲ್ಲಿ 14 ನಾಟಕ ಎಂದು ಬರೆದಿದ್ದ. ಅಭ್ಯಾಸ ಸಂದರ್ಶನದಲ್ಲಿ ಮೂರನೆಯದನ್ನು ಬರೆದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಪಟ್ಟಿಯನ್ನು ಐದಕ್ಕೆ ಇಳಿಸಿ ಕಾಗದದ ಮೇಲೆ ಬರೆದುಕೊಂಡ: ನಾಟಕ, ಬರೆದವರು, ಕಲಿಸಿದ ಮಾಸ್ತರರು, ಊರು, ವರ್ಷ, ತಾನು ಮಾಡಿದ ಪಾತ್ರಕ್ಕೆ ಆ ನಾಟಕದಲ್ಲಿ ಏನು ಬೇಕಿತ್ತು ಎಂಬ ಒಂದು ವಾಕ್ಯ. ಖಂಡಿತ ಕೇಳುವ ಪ್ರಶ್ನೆಗಳು ಕೆಲವಿವೆ. ಇತ್ತೀಚೆಗೆ ಏನು ಓದಿದಿರಿ, ಯಾವ ನಾಟಕ ನೋಡಿದಿರಿ, ಅದರಲ್ಲಿ ಏನು ಇಷ್ಟವಾಗಲಿಲ್ಲ, ತಿಂಗಳುಗಟ್ಟಲೆ ಇಲ್ಲೇ ಇರಬೇಕು ಮನೆಯವರು ಏನಂತಾರೆ, ಮುಗಿದ ಮೇಲೆ ಏನು ಮಾಡುತ್ತೀರಿ. ಕೊನೆಯದಕ್ಕೆ ಇವನ ಮೊದಲ ಉತ್ತರ ‘ಧಾರಾವಾಹಿ’. ನಿಜ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಅದೊಂದನ್ನೇ ಹೇಳಿದರೆ ಈ ಶಾಲೆ ಯಾಕೆ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅವನ ಹತ್ತಿರ ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ: ಊರ ಮಾಸ್ತರರಿಗೆ ವಯಸ್ಸಾಗಿದೆ, ಅವರ ನಂತರ ಕಲಿಸುವವರಿಲ್ಲ.

ಕರೆಪತ್ರದಲ್ಲಿ ಇಲ್ಲದ ಗುಂಪಿನ ಆಶುಅಭಿನಯಕ್ಕೆ, ಅಂದರೆ ಕೊಟ್ಟ ಸನ್ನಿವೇಶವನ್ನು ಅಲ್ಲೇ ಕಟ್ಟಿ ಆಡುವುದಕ್ಕೆ, ತಯಾರಿ ಸಾಲಲಿಲ್ಲ. ತಂಗಿ ಮತ್ತು ಇಬ್ಬರು ಗೆಳೆಯರ ಜೊತೆ ನಾಲ್ಕು ಸಂಜೆ ಮಾಡಿದ್ದಷ್ಟೆ. ಇಲ್ಲಿ ಮುಖ್ಯ ನಿಯಮ, ಎದುರಿನವರು ಕೊಟ್ಟದ್ದನ್ನು ತಳ್ಳಬಾರದು. ‘ಏನ್ರೀ ಕಾಕಾ, ಕಾಲಿಗೆ ಏನಾತು’ ಎಂದು ಒಬ್ಬ ಕೇಳಿದರೆ ಕಾಲಿಗೆ ಏನೋ ಆಗಿರಲೇಬೇಕು. ‘ಏನೂ ಆಗಿಲ್ಲ’ ಎಂದರೆ ಆಟ ಅಲ್ಲಿಗೆ ಮುಗಿಯಿತು.

ಆ ದಿನ

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಇಳಿಯುವ ಯೋಜನೆಯನ್ನು ಬಿಡಿಸಿ ಒಂದು ದಿನ ಮುಂಚೆ ಕಳಿಸಿದರು. ಬಸ್ಸಿನ ಕಿಟಕಿಯ ಗಾಳಿ, ನಿದ್ದೆಗೆಟ್ಟ ರಾತ್ರಿ, ಎರಡೂ ದನಿಗೆ ಶತ್ರು. ಕತ್ತಿ, ಶಲ್ಯ ಮನೆಯಲ್ಲೇ ಉಳಿದವು. ಬರಹವಿಲ್ಲದ ಹತ್ತಿಯ ಅಂಗಿ, ಸಡಿಲ ಪ್ಯಾಂಟು, ಬರಿಗಾಲು. ಸರದಿಗೆ ಎರಡು ಗಂಟೆ ಮೊದಲು ಎರಡು ಇಡ್ಲಿ. ಕಾಯುವ ಜಾಗದಲ್ಲಿ ಇತರರು ಕೂಗಿ ಅಭ್ಯಾಸ ಮಾಡುತ್ತಿದ್ದರು, ಮೂವರದು ತುಘಲಕನ ಅದೇ ಮೊರೆ. ಇವನು ಹಿತ್ತಲಿನ ಕಡೆ ಹೋಗಿ ತುಟಿಯ ಕಸರತ್ತು ಮುಗಿಸಿ ಸುಮ್ಮನೆ ಕೂತ. ತುಣುಕನ್ನು ಹೇಳಿಕೊಳ್ಳಲಿಲ್ಲ.

ಒಳಗೆ ಐವತ್ತು ಸೆಕೆಂಡಿಗೆ ನಿಲ್ಲಿಸಿದರು. ನಿಲ್ಲಿಸಿದರೆ ಸೋತೆ ಎಂದಲ್ಲ, ಅದನ್ನು ಮೊದಲೇ ಅವನಿಗೆ ಹೇಳಿಟ್ಟಿತ್ತು. “ನೀವು ಕೆಲಸ ಮಾಡೋ ಅಂಗಡಿಗೆ ಹತ್ತೊಂಬತ್ತರ ಹುಡುಗ ಕೂಲಿಗೆ ಬಂದಿದಾನೆ. ಇದನ್ನೇ ನಿಮ್ಮೂರಿನ ಭಾಷೆಯಲ್ಲಿ ಅವನಿಗೆ ಹೇಳಿ” ಎಂದರು. ಒಂದು ಕ್ಷಣ ನಿಂತ. ಆಮೇಲೆ ಕೆಳಗೆ ಬಗ್ಗಿ, ಇಲ್ಲದ ಚೀಲದ ಕಿವಿ ಹಿಡಿದು ಎತ್ತುತ್ತಾ, “ಹತ್ತೊಂಬತ್ತ? ಚಲೋ ವಯಸ್ಸ ನೋಡಪಾ” ಎಂದು ಶುರುಮಾಡಿದ. ಕೋಟೆ ಗೋದಾಮಾಯಿತು. ಗೋಡೆ ತೋರಿಸಬೇಕಾದಲ್ಲಿ ಜೋಡಿಸಿಟ್ಟ ಚೀಲಗಳನ್ನು ತೋರಿಸಿದ. ಈ ಸಲ ಯಾರೂ ನಿಲ್ಲಿಸಲಿಲ್ಲ.

ಹಾಡು ಸರಿಹೋಯಿತು. ಪದ್ಯದಲ್ಲಿ ಎರಡು ಸಾಲು ಹಿಂದುಮುಂದಾದವು, ನಿಲ್ಲದೆ ದಾಟಿದ. ‘ಕ್ಷಮಿಸಿ ಸರ್, ಮತ್ತೆ ಮೊದಲಿಂದ’ ಎನ್ನುವುದಕ್ಕಿಂತ ಅದು ಎಷ್ಟೋ ವಾಸಿ. ಕೆಟ್ಟದ್ದು ಮಧ್ಯಾಹ್ನದ ಗುಂಪಿನ ಸರದಿಯಲ್ಲಿ. ಐವರಿಗೆ ನ್ಯಾಯಬೆಲೆ ಅಂಗಡಿಯ ಸಾಲು ಕೊಟ್ಟರು. ಮೊದಲ ನಿಮಿಷದಲ್ಲೇ ಇವನು ಅಂಗಡಿಯವನಾಗಿ ದನಿಯೇರಿಸಿ ಎಲ್ಲರನ್ನೂ ಗದರತೊಡಗಿದ. ಹಳೆಯ ಖಳನಾಯಕ ಎದ್ದು ಬಂದಿದ್ದ, ಬಲಗೈಯ ಸಮೇತ. ಉಳಿದ ನಾಲ್ವರಿಗೆ ಮಾತಿಗೆ ಜಾಗವೇ ಸಿಗಲಿಲ್ಲ. ಹುಡುಗಿಯೊಬ್ಬಳು ಎರಡು ಸಲ ರೇಷನ್ ಕಾರ್ಡು ಚಾಚಿದಳು. ಇವನು ಎರಡು ಸಲವೂ ನೋಡಲಿಲ್ಲ.

ಹೊರಗೆ ಬಂದು ಒಂದು ಗಂಟೆಯೊಳಗೆ, ನೆನಪು ತಿದ್ದಿಕೊಳ್ಳುವ ಮೊದಲು, ಏನೇನು ಕೇಳಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ಎಡವಿದೆ ಎಂದು ಕರೆಪತ್ರದ ಹಿಂಬದಿಯಲ್ಲಿ ಬರೆದಿಟ್ಟ. ಎರಡು ವಾರದ ಮೇಲೆ ಬಂದ ಪಟ್ಟಿಯಲ್ಲಿ ಅವನದು ಕಾಯ್ದಿಟ್ಟವರ ಸಾಲಿನಲ್ಲಿ ಎರಡನೆಯ ಹೆಸರು. ಸೀಟು ಸಿಕ್ಕರೆ ಹತ್ತು ದಿನದಲ್ಲಿ ಹೊರಡಬೇಕು, ಸಿಗದಿದ್ದರೆ ಮುಂದಿನ ವರ್ಷದ ಪ್ರಕಟಣೆಗೆ ಕಾಯಬೇಕು. ಎರಡಕ್ಕೂ ಆಗುವ ತಾಲೀಮು ಒಂದೇ, ಕರೆಪತ್ರದ ಹಿಂಬದಿಯ ಕೊನೆಯ ಸಾಲು: “ಗುಂಪಿನ್ಯಾಗ ಆಕಿ ಕಾರ್ಡ್ ಕೊಟ್ಳು, ತಗೊಳ್ಳಲಿಲ್ಲ.” ಆ ವಾರದಿಂದ ಗೋದಾಮಿನಲ್ಲಿ ತಂಗಿ ಮತ್ತು ಇಬ್ಬರು ಗೆಳೆಯರ ಜೊತೆ ಸಂಜೆಗೆ ಮುಕ್ಕಾಲು ಗಂಟೆ. ಆಟದ ಷರತ್ತು: ಬೇರೆಯವರು ಏನಾದರೂ ಕೈಗೆ ಕೊಡುವವರೆಗೆ ಇವನು ಬಾಯಿ ತೆರೆಯುವಂತಿಲ್ಲ.